ಬಾಯಿ ಹೇಳಿದ್ದನ್ನೇ ಪರದೆ ಮೇಲೆ ಬರೆಯಬೇಡಿ

ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ) ಹತ್ತಿರ ಬಂತು ಅಂದ್ರೆ ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ವಿಡಿಯೊಗಳ ಸುರಿಮಳೆ. ಮಾಡುವವರ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ವಿಡಿಯೊ ನೋಡಿ ಮುಗಿಸಿದ ಮೇಲೂ ಕತ್ತರಿ ಎಲ್ಲಿ ಇಡಬೇಕು ಅನ್ನೋದೇ ಗೊತ್ತಾಗಿರುವುದಿಲ್ಲ.

ಒಬ್ಬರು ಕ್ಯಾಮೆರಾ ಮುಂದೆ ನಿಂತು ಎಲ್ಲಾ ವಿವರ ಹೇಳ್ತಾರೆ. ಯಾವ ಕಡ್ಡಿ, ಎಷ್ಟನೇ ಕಣ್ಣು (ಚಿಗುರೊಡೆಯುವ ಮೊಗ್ಗು), ಯಾವ ಗಂಟು. ಆಮೇಲೆ ಸಂಗೀತ ಶುರು. ತೋಟದಲ್ಲಿ ಕೈಗಳು ಚಕಚಕ ಕತ್ತರಿಸುತ್ತವೆ, ಮಾತು ಬಂದ್. ಹೇಳುವಾಗ ತೋರಿಸಲಿಲ್ಲ, ತೋರಿಸುವಾಗ ಹೇಳಲಿಲ್ಲ. ಎರಡನ್ನೂ ನೋಡುವವನೇ ತಲೆಯಲ್ಲಿ ಜೋಡಿಸ್ಕೋಬೇಕು. ಅನುಭವ ಇದ್ದವನಿಗೆ ಅದು ಆಗುತ್ತೆ, ಆದರೆ ಅವನಿಗೆ ಈ ವಿಡಿಯೊ ಬೇಕಾಗಿಯೇ ಇರಲಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಅವರ ಜೊತೆಗಾರರು 1991ರಲ್ಲಿ ಸೈಕಲ್ ಪಂಪ್ ಹೇಗೆ ಕೆಲಸ ಮಾಡುತ್ತೆ ಅಂತ ವಿದ್ಯಾರ್ಥಿಗಳಿಗೆ ತೋರಿಸಿದರು. ಹಿಡಿಕೆ ಮೇಲೆ ಬಂದಾಗ ಗಾಳಿ ಒಳಗೆ, ಒತ್ತಿದಾಗ ಹೊರಗೆ. ಕೆಲವರಿಗೆ ವಿವರಣೆ ಮೊದಲು, ಚಿತ್ರ ಆಮೇಲೆ. ಕೆಲವರಿಗೆ ಎರಡೂ ಒಟ್ಟಿಗೆ. ಪಂಪ್ ಕೆಟ್ಟರೆ ಏನು ಕಾರಣ ಇರಬಹುದು ಅನ್ನೋ ಥರದ ಪ್ರಶ್ನೆಗಳಿಗೆ ಒಟ್ಟಿಗೆ ನೋಡಿ ಕೇಳಿದವರೇ ಚೆನ್ನಾಗಿ ಉತ್ತರ ಕೊಟ್ಟರು. 2001ರಲ್ಲಿ ಮಿಂಚು ಹೇಗೆ ಹುಟ್ಟುತ್ತೆ ಅನ್ನೋ ವಿಡಿಯೊ ಇಟ್ಟುಕೊಂಡು ಇನ್ನೊಂದು ಪರೀಕ್ಷೆ ಮಾಡಿದರು. ದನಿಯಲ್ಲಿ ಹೇಳಿದ್ದನ್ನೇ ಪರದೆ ಮೇಲೆ ಅಕ್ಷರದಲ್ಲೂ ಹಾಕಿದಾಗ ಜನಕ್ಕೆ ಅರ್ಥವಾಗಿದ್ದು ಕಡಿಮೆ!

ಯಾಕೆ ಅಂದ್ರೆ ಅಕ್ಷರ ಕಂಡರೆ ಕಣ್ಣು ಓದದೆ ಬಿಡುವುದಿಲ್ಲ. ಓದುವ ಹೊತ್ತಿಗೆ ಅದೇ ಕಣ್ಣಿಂದ ನೋಡಬೇಕಾದ ಕೈ ಮುಂದಿನ ಕಡ್ಡಿಗೆ ಹೋಗಿರುತ್ತೆ. ಕಿವಿ ಖಾಲಿ ಇದೆ, ಮಾತನ್ನು ಅದಕ್ಕೆ ಬಿಡಿ.

ಹಾಗಂತ ಅಕ್ಷರವೇ ಬೇಡ ಅಂತಲ್ಲ. ಒಣದ್ರಾಕ್ಷಿ ಮಾಡುವಾಗ ಗೊನೆಗಳನ್ನು ಅದ್ದುವ ದ್ರಾವಣ ಇದೆಯಲ್ಲ, ಹಣ್ಣಿನ ಮೇಣದ ಪದರ ಸಡಿಲವಾಗಿ ನೀರು ಬೇಗ ಹೋಗಲಿ ಅಂತ? ಅದಕ್ಕೆ ಸಾಮಾನ್ಯವಾಗಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ 15 ಯಾವುದು, 25 ಯಾವುದು ಅಂತ ಅದಲು ಬದಲು ಆಗುತ್ತೆ. ಇಂಥದ್ದು ದೊಡ್ಡ ಅಕ್ಷರದಲ್ಲಿ ಬರಲಿ, ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಲಿ. ಔಷಧಿ ಹೆಸರೂ ಹಾಗೇ. ಕಿವಿ ಕೇಳದವರಿಗೆ, ಬಸ್ಸಿನಲ್ಲಿ ದನಿ ಬಂದ್ ಮಾಡಿ ನೋಡುವವರಿಗೆ ಪೂರ್ತಿ ಸಬ್‌ಟೈಟಲ್ ಬೇಕೇ ಬೇಕು. ಆದರೆ ಬೇಕಾದವರು ಆನ್ ಮಾಡಿಕೊಳ್ಳುವ ಹಾಗೆ ಇರಲಿ, ಚಿತ್ರದ ಮೇಲೇ ಅಚ್ಚು ಹೊಡೆಯಬೇಡಿ.

ಹಿನ್ನೆಲೆ ಸಂಗೀತದ ಮೇಲೆ ನನಗೆ ಸಿಟ್ಟೇ ಇದೆ. ಜೋಳದ ರೊಟ್ಟಿ ಬಡಿಯುವ ವಿಡಿಯೊಗೆ ಕೊಳಲು ಯಾಕೆ? ಬಡಿತದ ಸದ್ದೇ ಅಲ್ಲಿ ಪಾಠ. ಕೈ ಎಷ್ಟು ಜೋರು ಬೀಳ್ತಿದೆ, ಎಲ್ಲಿ ಹಗುರ ಆಯ್ತು ಅನ್ನೋದು ಅದರಲ್ಲೇ ಇದೆ. ಅಲ್ಲಿ ಮಾತಾಡುವವರೂ ಒಂದಿಷ್ಟು ಸುಮ್ನಿದ್ದರೆ ಒಳ್ಳೇದು.

ಇನ್ನು ಮಾತು ಯಾರದ್ದಿರಬೇಕು? ಕೆಲಸ ಮಾಡುವವರದ್ದೇ. ಕಷ್ಟ ಏನಂದ್ರೆ ಪಳಗಿದ ಕೈಯವರು ಮಾಡ್ತಾ ಮಾತಾಡುವುದಿಲ್ಲ. ಮಾತಾಡಿದರೂ "ಹಿಂಗ ಕತ್ತರಿಸೂದು ನೋಡ್ರಿ" ಅಂತಾರೆ. ಅದು ಕಣ್ಣಿಗೇ ಕಾಣ್ತಿದೆ, ಹೇಳೋದೇ ಬೇಡ. ಕಾಣದೇ ಇರೋದು ಕಾರಣ. ಅದಕ್ಕೆ ಕ್ಯಾಮೆರಾ ಹಿಂದೆ ನಿಂತು ಒಬ್ಬರು ಕೇಳ್ತಾ ಇರಬೇಕು.

"ಕಾಕಾ, ಇಲ್ಲೇ ಯಾಕ ಕತ್ತರಿಸಿದ್ರಿ?"

"ಕಡ್ಡಿ ದಪ್ಪ ಐತಿ, ಅದಕ್ಕ. ತೆಳ್ಳಗಿದ್ರ ಇನ್ನ ಗಿಡ್ಡ ಮಾಡ್ತಿದ್ದೆ."

ನಿಮಗೆ ಬೇಕಿರೋ ಮಾತು ಇದು. ಸ್ಕ್ರಿಪ್ಟ್ ಬರೆದುಕೊಟ್ಟು ಓದಿಸಿದರೆ ಇದು ಸಿಗೋದಿಲ್ಲ. ಆಮೇಲೆ ಸ್ಟುಡಿಯೊದಲ್ಲಿ ಕೂತು "ಕಾಂಡದ ಗಾತ್ರವನ್ನು ಅವಲಂಬಿಸಿ" ಅಂತ ಡಬ್ ಮಾಡಲು ಹೋಗಬೇಡಿ. ಕಾಕಾ ಹೇಳಿದ್ದು ಹಾಗೇ ಇರಲಿ. ಮೈಕ್ ಮಾತ್ರ ಅವರ ಅಂಗಿಗೇ ಸಿಕ್ಕಿಸಿ, ಗಾಳಿ ಜಾಸ್ತಿ ಇದ್ದರೆ ಅದಕ್ಕೊಂದು ಸ್ಪಂಜಿನ ಟೋಪಿ ಹಾಕಿ.