ದೋಸೆ ಮೊದಲೋ, ದುರ್ಗ ಮೊದಲೋ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಆನಗೋಡು, ಭರಮಸಾಗರ ದಾಟಿದರೆ ಊರು ಬಂದಂತೆಯೇ. ಇಷ್ಟು ಹತ್ತಿರ ಇರುವುದೇ ತೊಂದರೆ. ಬೆಂಗಳೂರಿನವರು ಹಿಂದಿನ ರಾತ್ರಿಯೇ ಬಂದು ಲಾಡ್ಜಿನಲ್ಲಿ ಮಲಗಿ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಕೋಟೆ ಮುಂದಿರುತ್ತಾರೆ. ದಾವಣಗೆರೆಯವರು ಮಾತ್ರ "ಇಲ್ಲೇ ಐತಲ್ಲ, ಹೋದರಾತು" ಅಂತ ಹನ್ನೊಂದೂವರೆಗೆ ಹೋಗಿ ನಿಲ್ಲುತ್ತಾರೆ.

ಐದಕ್ಕೆ ಶಾರ್ಪ್ ಹೊರಡೋದು ಎಂಬ ವಾಟ್ಸಾಪ್ ಸಂದೇಶಕ್ಕೆ ಎಲ್ಲರದೂ ಹೆಬ್ಬೆರಳು ಬಿದ್ದಿರುತ್ತದೆ. ಐದಕ್ಕೆ ಎದ್ದು ಸ್ನಾನ ಮುಗಿಸಿ ಕೂತಿರುವುದು ದೊಡ್ಡಪ್ಪ ಒಬ್ಬರೇ. ಅವರು ಗ್ರೂಪಿನಲ್ಲಿ ಇಲ್ಲವೇ ಇಲ್ಲ. ಉಳಿದವರು ಒಟ್ಟುಗೂಡುವ ಹೊತ್ತಿಗೆ ಹೋಟೆಲ್ ಕಾವಲಿ ಕಾದಿರುತ್ತದೆ. "ಒಂದೊಂದು ಬೆಣ್ಣೆ ದೋಸೆ ಹೊಡ್ಕಂಡು ಹೋಗಣ ಬರ್ರಿ." ಈ ಊರಲ್ಲಿ ಒಂದು ದೋಸೆಗೆಂದು ಕೂತವರು ಒಂದಕ್ಕೇ ಎದ್ದ ಉದಾಹರಣೆ ಇಲ್ಲ. ಓಪನ್ ದೋಸೆ ತಿಂದವರಿಗೆ ಖಾಲಿ ದೋಸೆಯ ನೆನಪಾಗುತ್ತದೆ.

ಅಷ್ಟರಲ್ಲಿ ಅತ್ತ ಕೋಟೆಯೂ ಕಾವಲಿಯಾಗುತ್ತಿರುತ್ತದೆ. ದುರ್ಗದ ಗುಡ್ಡವೆಂದರೆ ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟ್. ನೆರಳು ಕಡಿಮೆ, ಬಂಡೆ ಬರಿಮೈ. ಬೆಳಗ್ಗೆ ಒಂಬತ್ತರ ತನಕ ಕೈಯಿಟ್ಟರೆ ತಣ್ಣಗಿರುವ ಕಲ್ಲು ಮಾರ್ಚಿಯಿಂದ ಮೇವರೆಗೆ ಹನ್ನೊಂದಕ್ಕೆಲ್ಲ ಸುಡತೊಡಗುತ್ತದೆ. ಸಂಜೆ ಗಾಳಿ ತಂಪಾದರೂ ಬಂಡೆ ಬೇಗ ಆರುವುದಿಲ್ಲ. ಹಗಲು ಕುಡಿದ ಬಿಸಿಲನ್ನು ನಿಧಾನಕ್ಕೆ ಹೊರಗೆ ಬಿಡುತ್ತಿರುತ್ತದೆ. ಹಾಗಾಗಿ ನಾಲ್ಕಕ್ಕೆ ಹತ್ತಿದರಾಯಿತು ಎನ್ನುವ ಎರಡನೇ ಪ್ಲಾನೂ ಬೇಸಿಗೆಯಲ್ಲಿ ಅರ್ಧ ಮಾತ್ರ ಸರಿ. ನವೆಂಬರ್‌ನಿಂದ ಫೆಬ್ರವರಿಯವರೆಗಾದರೆ ತಡವಾದರೂ ಒಂದಿಷ್ಟು ಕ್ಷಮೆಯಿದೆ.

ಬಿಸಿಲಿನ ಪರೀಕ್ಷೆ ಶುರುವಾಗುವುದು ಗುಡಿ ಮುಂದೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ, ಎಲ್ಲಿ ಹೋದರೂ ಚಪ್ಪಲಿ ಹೊರಗೆ ಬಿಡಬೇಕು. ಮಧ್ಯಾಹ್ನ ಆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಭಕ್ತಿಯಿಂದ ನಡೆಯುವವರು ಕಾಣುವುದಿಲ್ಲ, ಎಲ್ಲರೂ ಕುಣಿಯುವವರೇ. ಬ್ಯಾಗಿನಲ್ಲಿ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಂಡರೆ ದೇವರಿಗೂ ನೆಮ್ಮದಿ.

ನೀರು ತಲೆಗೆ ಎರಡು ಲೀಟರ್, ಬೇಸಿಗೆಗೆ ಮೂರು. ಹೊಂಡಗಳಿವೆಯಲ್ಲ ಎನ್ನಬೇಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡಗಳು ಪಾಳೇಗಾರರ ಕಾಲದಲ್ಲಿ ಕೋಟೆಯ ದಾಹ ತೀರಿಸಿದ್ದು ನಿಜ, ಇವತ್ತು ಅವು ನೋಡುವುದಕ್ಕೆ. ನೀರೆಲ್ಲ ಒಬ್ಬರ ಬ್ಯಾಗಿಗೆ ತುಂಬುವುದು ನಮ್ಮವರ ಇನ್ನೊಂದು ಚಾಳಿ. ಆ ಪುಣ್ಯಾತ್ಮ ಸದಾ ಎಲ್ಲರಿಗಿಂತ ಒಂದು ಸುತ್ತು ಹಿಂದಿರುತ್ತಾನೆ. ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ಕೈಯಲ್ಲಿ ಹಿಡಿದು ಹೋಗಬೇಡಿ. ಮಂಗಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಸಾಕು, ಒಳಗೇನಿದೆ ಎಂದು ಆಮೇಲೆ ನೋಡಿಕೊಳ್ಳುತ್ತವೆ.

ಇನ್ನು ಉಡುಪು. ಬಿಗಿ ಜೀನ್ಸ್ ಎಂದರೆ ಕೋಟೆಯೊಳಗಿನ ತುಪ್ಪದ ಕೊಳದ ಕಡಿದಾದ ಬಂಡೆ ಹತ್ತುವಾಗ ಹೊಲಿಗೆ ಬಿಡುವ ವಸ್ತು. ಅಲ್ಲಿ ಮೆಟ್ಟಿಲಿಲ್ಲ, ಪಾದ ಊರುವಷ್ಟು ಕಚ್ಚುಗಳನ್ನು ಬಂಡೆಯಲ್ಲೇ ಕೊರೆದಿದ್ದಾರೆ. ಹತ್ತುವಾಗ ಕಣ್ಣು, ಕೈ ಮುಂದಿರುತ್ತವೆ, ಸಲೀಸು. ಇಳಿಯುವಾಗ ಕಚ್ಚು ಎಲ್ಲಿದೆ ಎಂದು ಪಾದವೇ ತಡಕಬೇಕು. ಕಣ್ಣಿಗೂ ಕಚ್ಚಿಗೂ ನಡುವೆ ಬೆಳಗಿನ ದೋಸೆ ಅಡ್ಡ ಬರುತ್ತದೆ. ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಊರಿಯೇ ಇರುವಂತೆ, ಒಂದೊಂದನ್ನೇ ಕದಲಿಸಿ ಇಳಿಯಿರಿ. ಕೆಳಗೆ ನಿಂತು "ಎಡಗಾಲು ಇನ್ನೊಂದು ಗೇಣು ಕೆಳಗೆ" ಎನ್ನಲು ಒಬ್ಬರು ಸಾಕು. ನಾಲ್ಕು ಜನ ಸೇರಿದರೆ ನಾಲ್ಕು ದಿಕ್ಕು ಹೇಳುತ್ತಾರೆ, ಮೇಲಿದ್ದವರು ಅಲ್ಲೇ ಉಳಿಯುತ್ತಾರೆ. ಬಂಡೆಯ ಮೇಲೆ ಉದ್ದುದ್ದ ಕಪ್ಪು ಪಟ್ಟೆ ಕಂಡರೆ ಅದು ಮಳೆನೀರು ಹರಿಯುವ ದಾರಿ, ಹಸಿಯಾದಾಗ ಕಾಲಿಡಬಾರದ ಜಾಗ. ಒಣಗಿದ್ದಾಗ ಅಪಾಯ ಇಳಿಜಾರಿನ ಮೇಲಿನ ಸಣ್ಣ ಮೊರಂನಲ್ಲಿದೆ, ಚೆಲ್ಲಿದ ರಾಗಿಯ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಸವೆಯದ ರಬ್ಬರ್ ಅಟ್ಟೆಯ ಶೂ ಇಲ್ಲದವರು, ಮಳೆ ಬಂದ ದಿನ ಯಾರಾದರೂ, ಕೆಳಗೇ ನಿಂತು ಫೋಟೋ ತೆಗೆಯುವುದು ಒಳ್ಳೆಯದು. ಕಾವಲಿನವರು ಬೇಡ ಎಂದರೆ ವಾದವೂ ಬೇಡ. ಹೈದರಾಲಿಗೇ ಒಂದು ಸಲಕ್ಕೆ ದಕ್ಕದೆ 1779ರಲ್ಲಿ ಕೈಸೇರಿದ ಗುಡ್ಡ ಇದು.

ಓಬವ್ವನ ಕಿಂಡಿಯಲ್ಲಿ ಬ್ಯಾಗು ಬೆನ್ನಿಂದ ತೆಗೆದು ಮುಂದೆ ತಳ್ಳಿ ನುಗ್ಗಬೇಕು. ಬೆನ್ನಿಗೆ ಹಾಕಿಕೊಂಡೇ ನುಗ್ಗುವವರು ಸಿಕ್ಕಿಕೊಳ್ಳುತ್ತಾರೆ. ಆಗ ಹಿಂದಿನಿಂದ "ಒನಕೆ ತರ್ರೋ" ಅಂತ ಕೂಗುವ ಭಾವ ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ.

ಸರಿಯಾದ ಲೆಕ್ಕ ಹೀಗೆ: ಬೆಳಗ್ಗೆ ಕೋಟೆ ಹತ್ತಿ ಹತ್ತಕ್ಕೆ ಇಳಿಯಿರಿ, ಸುಡು ಹೊತ್ತಿಗೆ ಚಂದ್ರವಳ್ಳಿಯ ಅಂಕಲಿ ಮಠದ ಗುಹೆ ಸೇರಿ. ಒಳಗೆ ತಂಪು, ಆದರೆ ಕಗ್ಗತ್ತಲು. ಬಾಗಿಲು ತಗ್ಗು, ಎತ್ತರದವರ ಹಣೆಗೆ ಒಂದು ಬುಗುಟು ಗ್ಯಾರಂಟಿ. ಗೈಡ್ ಇಲ್ಲದೆ ನುಗ್ಗಬೇಡಿ, ದುಡ್ಡಿನ ಮಾತು ಹೊರಗೇ ಮುಗಿಸಿ. ಮುಂದೊಂದು, ಕೊನೆಗೊಂದು ಟಾರ್ಚ್ ಇರಲಿ. ಮೊಬೈಲ್ ಟಾರ್ಚನ್ನು ನಂಬಿ ಹೋಗುವವರಿಗೆ ಎರಡನೇ ಕೋಣೆಯಲ್ಲೇ ಬ್ಯಾಟರಿ ಐದು ಪರ್ಸೆಂಟ್ ತೋರಿಸುತ್ತದೆ, ಬೆಳಗ್ಗೆಯಿಂದ ಕಿಂಡಿ ಮುಂದೆ ಇಲ್ಲದ ಒನಕೆ ಎತ್ತಿ ಅಷ್ಟೊಂದು ವಿಡಿಯೋ ಮಾಡಿಸಿಕೊಂಡವರು ಯಾರು ಎಂಬ ವಿಚಾರಣೆ ಆ ಕತ್ತಲಲ್ಲೇ ಶುರುವಾಗುತ್ತದೆ.