ನಾಳೆ ಬಾ

ನಿನ್ನೆ ಸೆಕೆಂಡ್ ಶೋ ಮುಗಿಸಿ ಮನೆ ಸೇರುವಾಗ ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿದೆ. ಫೋನಿನಲ್ಲಿ ನನ್ನ ದನಿ ಕೇಳಿದ ಅಮ್ಮ "ಮಳೇಲಿ ನೆನೆದ್ಯಾ?" ಎಂದು ಬೈದರು. ಇಲ್ಲಮ್ಮ, ನಕ್ಕಿದ್ದು. ಒಂದು ಸಲ ಕಿರುಚಿದ್ದೂ ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

'ಸು ಫ್ರಮ್ ಸೋ' ನೋಡಿ ಬಂದೆ. 2025ರ ಜುಲೈ 25ಕ್ಕೆ ಬಿಡುಗಡೆಯಾದ ಸಿನಿಮಾ. ಬರೆದು ನಿರ್ದೇಶಿಸಿದ್ದು ಜೆ.ಪಿ. ತುಮಿನಾಡು, ದೆವ್ವ ಮೆಟ್ಟಿಸಿಕೊಳ್ಳುವ ಅಶೋಕನೂ ಅವರೇ. ಪೋಸ್ಟರ್ ನೋಡಿ ಟಿಕೆಟ್ ತಗೊಳ್ಳುವಂಥ ಸ್ಟಾರ್ ಇಲ್ಲ, ಗಾಳಿಯಲ್ಲಿ ಹಾರುವ ಕಾರುಗಳಿಲ್ಲ. ಒಂದು ಕರಾವಳಿ ಊರು, ಒಬ್ಬ ಪೋಲಿ ಹುಡುಗ, ಅವನು ಮಾಡಿಕೊಂಡ ಒಂದು ಎಡವಟ್ಟು, ಅದನ್ನು ಮುಚ್ಚಿಕೊಳ್ಳಲು ಹೂಡಿದ ಒಂದು ನಾಟಕ. ಅಷ್ಟರಲ್ಲಿ ಇಡೀ ಊರು ಅವನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ತೀರ್ಮಾನಿಸಿಬಿಡುತ್ತದೆ. ಹೆಸರಿನ ಒಗಟು ಅಲ್ಲಿಗೆ ಬಿಡಿಸಿತಲ್ಲ? ಇದಕ್ಕಿಂತ ಜಾಸ್ತಿ ಹೇಳಲ್ಲ. ನೋಡದವರು ಪಾಪ ಇನ್ನೂ ಇದ್ದೀರಿ.

ಈ ಬರಹ ಆ ನೋಡದವರ ಮೇಲೆಯೇ.

ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುವಾಗ ಉತ್ಸಾಹದಿಂದ ಶುರು ಮಾಡಿದೆ. ಎರಡು ವಾಕ್ಯ ಮುಗಿದಿರಲಿಲ್ಲ, ಎದುರು ಕೂತ ಮಹಾನುಭಾವರು ಮೊಸರನ್ನ ಕಲೆಸುತ್ತಲೇ ಅಂದರು, "ಓಟಿಟಿಗೆ ಬರುತ್ತೆ ಬಿಡಿ, ನೋಡೋಣ." ಇವರೇ ತಿಂಗಳಿಗೊಮ್ಮೆ "ಮಲಯಾಳಂನವರು ನೋಡಿ ಹೇಗೆ ಮಾಡ್ತಾರೆ, ನಮ್ಮಲ್ಲಿ ಯಾಕೆ ಆಗಲ್ಲ" ಎಂದು ಅಲವತ್ತುಕೊಳ್ಳುವವರು. ಈಗ ಆಗಿದೆಯಲ್ಲ ಸ್ವಾಮಿ. ಎದ್ದು ಹೋಗಿ.

ನಾವು ಚಿಕ್ಕವರಿದ್ದಾಗ, ತೊಂಬತ್ತರ ದಶಕದಲ್ಲಿ, ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದಂತೆ. ಬರಹ ಓದಿ ವಾಪಸ್ ಹೋಗುತ್ತದಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ನಮ್ಮ ಬಾಗಿಲಿನ ಮೇಲೆ ಬರೆದವನು ನಾನೇ. 'ಳೆ' ತಪ್ಪಿ 'ಲೆ' ಆಗಿತ್ತು. ದೆವ್ವಕ್ಕೆ ಅರ್ಥವಾಗದೆ ಒಳಗೇ ಬಂದುಬಿಟ್ಟರೆ ಎಂದು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆ ದೆವ್ವವನ್ನೂ ನಾವು ಇಟ್ಟುಕೊಳ್ಳಲಿಲ್ಲ ಬಿಡಿ. 2018ರಲ್ಲಿ ಹಿಂದಿಯವರು ಅದೇ ಕಥೆ ಇಟ್ಟುಕೊಂಡು 'ಸ್ತ್ರೀ' ಮಾಡಿ ದುಡ್ಡು ಬಾಚಿದರು. ನಾವು ಮಾತ್ರ ಬಾಗಿಲಿಗೆ ಬರೆಯುವುದನ್ನು ಬಿಟ್ಟಿಲ್ಲ. ಆಗ ದೆವ್ವಕ್ಕೆ ಬರೆಯುತ್ತಿದ್ದೆವು, ಈಗ ಕನ್ನಡ ಸಿನಿಮಾಕ್ಕೆ.

"ಟಿಕೆಟ್ ರೇಟು ನೋಡಿದ್ದೀರಾ?" ಎನ್ನುತ್ತೀರಿ. ನೋಡಿದ್ದೇನೆ. ಪಾಪ್‌ಕಾರ್ನ್ ರೇಟೂ ನೋಡಿದ್ದೇನೆ, ನೋಡಿ ಸುಮ್ನೆ ವಾಪಸ್ ಬಂದಿದ್ದೇನೆ. ಸರ್ಕಾರ 2025ರ ಜುಲೈನಲ್ಲಿ 200 ರೂಪಾಯಿ ಮಿತಿ ಹಾಕುವ ಕರಡು ಹೊರಡಿಸಿತ್ತು, ಅಂಥ ಮಿತಿ ಒಳ್ಳೆಯದೇ. ಆದರೆ ಅದೇ ಮೊಸರನ್ನದ ಮಹಾನುಭಾವರು ಪಕ್ಕದ ರಾಜ್ಯದ ಸ್ಟಾರ್ ಸಿನಿಮಾಕ್ಕೆ ಬೆಳಗಿನ ಆರು ಗಂಟೆ ಶೋಗೆ ಎಷ್ಟು ಕೊಟ್ಟರು ಅಂತ ನನಗೆ ಗೊತ್ತು. ಆವತ್ತು ಸ್ಟೇಟಸ್ ಹಾಕಿದ್ದರು.

ಇನ್ನು ಆ ಓಟಿಟಿ. ಅವರು ಕನ್ನಡದವರ ದಾರಿ ಕಾಯುತ್ತಾ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ ಅಂದುಕೊಂಡಿದ್ದೀರಾ? 2024ರಲ್ಲಿ 'ಏಕಂ' ವೆಬ್ ಸರಣಿಯನ್ನು ಯಾರೂ ಕೊಳ್ಳದೆ, ರಕ್ಷಿತ್ ಶೆಟ್ಟಿಯವರಂಥವರೇ ಅದಕ್ಕೆಂದು ಸ್ವಂತ ತಾಣ ಮಾಡಿ ತೋರಿಸಬೇಕಾಯಿತು. ಅವರ ಗತಿಯೇ ಹಾಗಾದರೆ ಉಳಿದವರದ್ದು?

ಒಂದು ವೇಳೆ ಬಂದೇ ಬಂತು ಅನ್ನಿ. ಮನೆಯ ಸೋಫಾದಲ್ಲಿ ಕೂತು ನೋಡುತ್ತೀರಿ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ತೊಂದರೆಯೇ ಅದು! ನಿನ್ನೆ ನನಗೆ ಕಾಲು ಭಾಗ ಮಾತು ಕೇಳಿಸಲೇ ಇಲ್ಲ. ಹಿಂದಿನದಕ್ಕೆ ಜನ ಇನ್ನೂ ನಗುತ್ತಿದ್ದರು. ನಮ್ಮ ಸಾಲಿನ ಕೊನೆಯಲ್ಲಿ ಒಬ್ಬರು ಅಜ್ಜಿ, "ಏನಂದ? ಏನಂದ?" ಎಂದು ಮೊಮ್ಮಗನನ್ನು ತಿವಿಯುತ್ತಾ, ಅವನು ಹೇಳಿದ ಮೇಲೆ ಎಲ್ಲರೂ ನಕ್ಕು ಮುಗಿಸಿದ ಜೋಕಿಗೆ ತಾವೊಬ್ಬರೇ ನಗುತ್ತಿದ್ದರು. ಆ ನಗು ಕೇಳಿ ನಾವೆಲ್ಲ ಇನ್ನೊಂದು ಸುತ್ತು. ನನ್ನ ಹೆಂಡತಿ ಬಂಟ್ವಾಳದವಳು. ನಾನು ಮಂಡ್ಯದವನು ಮಾತಿನ ಅರ್ಥ ಹಿಡಿಯುವಷ್ಟರಲ್ಲಿ ಅವಳು ನಕ್ಕು, ಕಣ್ಣೊರೆಸಿಕೊಂಡು, "ಎಂತ, ಗೊತ್ತಾಗ್ಲಿಲ್ವಾ?" ಎಂದು ನನ್ನ ಕಡೆ ತಿರುಗಿರುತ್ತಿದ್ದಳು. ರಾಜ್ ಬಿ. ಶೆಟ್ಟಿ ಕರುಣಾಕರ ಗುರೂಜಿಯಾಗಿ ಬಂದಾಗ ಅವಳು ಹೊಡೆದ ಶಿಳ್ಳೆ ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಕೇಳಿದ ಮೊದಲ ಶಿಳ್ಳೆ.

ಈಗ ಆ ಕಿರುಚಿದ್ದು. ದ್ವಿತೀಯಾರ್ಧ, ಕತ್ತಲೆ, ಇಡೀ ಥಿಯೇಟರ್ ಉಸಿರು ಹಿಡಿದು ಕೂತಿದೆ. ನನ್ನ ಕಾಲಿಗೆ ಏನೋ ತಣ್ಣಗೆ ತಾಗಿತು. "ಅಯ್ಯಮ್ಮಾ!" ಅಂದೆ. ಸುಮ್ನೆ ಅಂದಿದ್ದಲ್ಲ, ಪೂರ್ತಿ ಗಂಟಲಲ್ಲಿ. ಹಿಂದಿನ ಸಾಲಿನಿಂದ ಯಾರದೋ ನೀರಿನ ಬಾಟಲಿ ಉರುಳಿಕೊಂಡು ಬಂದಿತ್ತು. ಎರಡು ಸೆಕೆಂಡ್ ಮೌನ. ಆಮೇಲೆ ಹಿಂದಿನಿಂದ ಒಬ್ಬ ಹುಡುಗ, "ಅಣ್ಣ, ಸುಲೋಚನಾ ಅಲ್ಲ, ಬಿಸ್ಲೇರಿ!" ಆ ರಾತ್ರಿಯ ಅತಿ ದೊಡ್ಡ ನಗು ಜೆ.ಪಿ. ತುಮಿನಾಡು ಬರೆದದ್ದಲ್ಲ. ಅದು ಯಾವ ಓಟಿಟಿಗೂ ಬರಲ್ಲ.

ಇಷ್ಟು ಜೋರು ಮಾಡುತ್ತಿರುವ ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಸಾಲ ಮಾಡಿ ಒಂದು ಸಣ್ಣ ಸಿನಿಮಾ ಮಾಡಿದ್ದ. "ಸರ್, ಶುಕ್ರವಾರ ಬನ್ನಿ" ಎಂದು ಮೂರು ಸಲ ಮೆಸೇಜ್ ಹಾಕಿದ. ನಾನು ಮೂರು ಸಲವೂ "ಖಂಡಿತ" ಎಂದು ಹೆಬ್ಬೆರಳು ಒತ್ತಿದೆ. ಶುಕ್ರವಾರ ಸುಸ್ತು, ಶನಿವಾರ ನೆಂಟರು, ಭಾನುವಾರ ಯಾಕೋ ಬೇಡ ಅನಿಸಿತು. ಮಂಗಳವಾರ ಬುಕ್ ಮಾಡಲು ಹೋದರೆ ಊರಿನಲ್ಲಿ ಒಂದೂ ಶೋ ಇಲ್ಲ. ಪರವಾಗಿಲ್ಲ, ಓಟಿಟಿಗೆ ಬರುತ್ತಲ್ಲ ಅಂದುಕೊಂಡೆ. ಇವತ್ತಿಗೂ ಬಂದಿಲ್ಲ. ಹೋದ ತಿಂಗಳು ಆ ಹುಡುಗ ಮದುವೆ ಮನೆಯಲ್ಲಿ ಸಿಕ್ಕಿದ್ದ, ಕ್ಯಾಮೆರಾ ಹಿಡಿದು ವಿಡಿಯೋ ತೆಗೆಯುತ್ತಿದ್ದ. "ನೋಡಿದ್ರಾ ಸರ್?" ಎಂದು ಅವನು ಕೇಳಲಿಲ್ಲ. ನಾನು ಊಟದ ಪಂಕ್ತಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತೆ.

ಈ ಶನಿವಾರ ಮತ್ತೆ ಹೋಗುತ್ತಿದ್ದೇವೆ. ಅಮ್ಮ, ಅತ್ತೆ ಇಬ್ಬರೂ ಬರುತ್ತಾರೆ. ಒಂದು ಟಿಕೆಟ್ ಜಾಸ್ತಿ ತಗೊಂಡು ಮೊಸರನ್ನದವರಿಗೆ ಮೆಸೇಜ್ ಹಾಕಿದೆ, ದುಡ್ಡೂ ಬೇಡ, ಬನ್ನಿ ಅಂತ. ಈಗಷ್ಟೇ ಉತ್ತರ ಬಂತು: "ಈ ವಾರ ಕಷ್ಟ, ಮುಂದಿನ ವಾರ ನೋಡೋಣ."