ಪುತ್ತೂರಿನ ಕೊಕ್ಕೊ ನೋಡಿ

ಆಹಾರ ಕಂಪನಿಗಳು ಬಂದರೆ ಹಳ್ಳಿ ತಾನಾಗಿಯೇ ಉದ್ಧಾರ ಆಗುತ್ತೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಬಂದವರು ಕೈಬಿಟ್ಟರೆ ಏನು ಗತಿ? 1980ರ ಹೊತ್ತಿಗೆ ಚಾಕೊಲೇಟ್ ಮಾಡಲು ಬಳಸುವ ಕೊಕ್ಕೊ ಬೀಜದ ಬೆಲೆ ಬಿದ್ದು, ಕೊಳ್ಳುವವರು ಹಿಂದೆ ಸರಿದಾಗ ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರ ಕೈ ಹಿಡಿದದ್ದು ಅವರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1973ರಲ್ಲಿ ಅಡಿಕೆಗೆಂದು ಹುಟ್ಟಿದ್ದು ಕೊಕ್ಕೊವನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಹಸಿ ಬೀಜ ಜಾಸ್ತಿ ದಿನ ಇಟ್ಟರೆ ಕೆಡುತ್ತೆ, ಹಾಗಾಗಿ ಒಂದು ಬಕೆಟ್ ಬೀಜ ಇರುವ ಸಣ್ಣ ರೈತನಿಗೂ ಹತ್ತಿರದಲ್ಲೇ ತೂಗಿ ಕೊಳ್ಳುವವರು ಬೇಕು. ಇದು ತುಂಬಾ ದೊಡ್ಡ ವಿಷಯ. ಇನ್ನು, ಅಂಗಳದಲ್ಲಿ ಕೂತು ಕಾಯಿ ಒಡೆದು ಲೋಳೆ ಬೀಜ ಬಿಡಿಸುವ ಹೆಂಗಸರ ಕೂಲಿ ಬಗ್ಗೆಯೂ ಬರೆಯಬೇಕಿತ್ತು ಅಲ್ವಾ?